ಓಡುವವರ ಊಟ

ಹೋಳಿಯ ರಾತ್ರಿ ನೆರೂಳದ ನಮ್ಮ ಸೊಸೈಟಿಯ ಅಂಗಳದಲ್ಲಿ ಬೆಂಕಿ ಹಾಕುತ್ತಾರೆ. ಮರಾಠಿ ಹೆಂಗಸರು ಪೂರಣಪೋಳಿಯ ನೈವೇದ್ಯ ತಂದು, ಬೆಂಕಿಗೆ ತೆಂಗಿನಕಾಯಿ ಹಾಕಿ, ಸುತ್ತು ಬಂದು ಮನೆಗೆ ಹೋಗುತ್ತಾರೆ. ಆಮೇಲೆ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂರುವವರು ನಾವು, ಊರಿನಿಂದ ಬಂದು ಇಲ್ಲೇ ಮುದುಕರಾದ ಹೊಟೇಲಿನವರು. ಬೇರೆ ದಿನ ನಮ್ಮನ್ನು ಕೇಳುವವರಿಲ್ಲ. ಆ ಒಂದು ರಾತ್ರಿ ಕೆಂಡ ಆರುವವರೆಗೆ ಮಕ್ಕಳೂ ಬಂದು ಕೂರುತ್ತಾರೆ.

ಈ ಸಲ ಎದುರು ಬಿಲ್ಡಿಂಗಿನ ಹುಡುಗಿಯ ವಿಷಯ ಬಂತು. ಕಾಲೇಜಿನಲ್ಲಿ 400 ಮೀಟರ್ ಓಡುತ್ತಾಳೆ. ಅವಳ ಅಪ್ಪನಿಗೆ ಅದು ಒಂದಿಷ್ಟೂ ಇಷ್ಟವಿಲ್ಲ. ಅವರ ತಕರಾರು ಸರಳ: ಕ್ರಿಕೆಟ್ ಆದರೆ ಒಂದು ಮಾತು. ಕೂಗಳತೆಯಲ್ಲೇ ಡಿ.ವೈ. ಪಾಟೀಲ್ ಸ್ಟೇಡಿಯಂ ಉಂಟು. 2008ರಲ್ಲಿ ಮೊಟ್ಟಮೊದಲ ಐಪಿಎಲ್ ಫೈನಲ್ ನಡೆದದ್ದು ಅಲ್ಲೇ. 2025ರ ನವೆಂಬರ್ 2ರ ರಾತ್ರಿ ಹರ್ಮನ್‌ಪ್ರೀತ್ ಕೌರ್ ತಂಡ ದಕ್ಷಿಣ ಆಫ್ರಿಕಾವನ್ನು 52 ರನ್ನುಗಳಿಂದ ಸೋಲಿಸಿ ಮಹಿಳೆಯರ ವಿಶ್ವಕಪ್ ಎತ್ತಿದ್ದೂ ಅಲ್ಲೇ. ಆ ಪಟಾಕಿ ಸದ್ದಿಗೆ ನಮ್ಮ ಕಿಟಕಿ ಗಾಜುಗಳು ಅದುರಿದ್ದವು. ಸುಮ್ಮನೆ ಒಂದು ಸುತ್ತು ಓಡಿ ಬಂದರೆ ಏನು ಸಿಗುತ್ತದೆ, ಅಂತ ಅವರು ಕೇಳಿದರು.

ನನ್ನ ಪಕ್ಕ ಕೂತಿದ್ದ ಅಣ್ಣ, ದೊಡ್ಡಮ್ಮನ ಮಗ, ಕೆಂಡವನ್ನು ಕೋಲಿನಿಂದ ಕೆದಕುತ್ತಾ ಹೇಳಿದ: "ಊಟ ಸಿಗುತ್ತದೆ."

ಎಲ್ಲರೂ ನಕ್ಕರು. ಅಣ್ಣ ನಗಲಿಲ್ಲ. "ನೀನೇ ಹೇಳು ಮಾರಾಯ, ನನಗೆ ಉದ್ದ ಮಾತು ಬರುವುದಿಲ್ಲ" ಎಂದು ನನ್ನ ಮೇಲೆ ಹಾಕಿದ. ಹಾಗಾಗಿ ಆ ರಾತ್ರಿ ಮೂಡುಬಿದಿರೆಯ ಡಾಕ್ಟ್ರ ಕತೆಯನ್ನು ನಾನೇ ಹೇಳಬೇಕಾಯಿತು.

ಅದಕ್ಕೆ ಮೊದಲು ಅಣ್ಣನ ಕತೆ ಸ್ವಲ್ಪ ಗೊತ್ತಿರಬೇಕು. ಮೂಡುಬಿದಿರೆಯ ಪೇಟೆಯಿಂದ ಗದ್ದೆಯ ಬದುವಿನಲ್ಲಿ ನಡೆದು ಹೋಗುವಷ್ಟು ದೂರದಲ್ಲಿ ನಮ್ಮ ಹಳ್ಳಿ. ಹೈಸ್ಕೂಲಿನಲ್ಲಿ ಅಣ್ಣನನ್ನು ಹಿಂದೆ ಹಾಕಿದವರಿಲ್ಲ. ಬರಿಗಾಲು, ಸುಣ್ಣ ಎಳೆದ ಗೆರೆ, ಬಾಯಲ್ಲಿ ವಿಸಿಲ್ ಇಟ್ಟ ಪಿ.ಟಿ. ಮಾಸ್ಟ್ರು, ಆಗಿನ ಕ್ರೀಡಾಕೂಟ ಅಂದರೆ ಅಷ್ಟೇ. ತಾಲೂಕು ಮಟ್ಟದಲ್ಲಿ ಗೆದ್ದು ಒಂದು ಸೋಪಿನ ಡಬ್ಬಿ ತಂದಿದ್ದ. ಜಿಲ್ಲೆಯ ಕೂಟಕ್ಕೆ ಮಂಗಳೂರಿಗೆ ಹೋಗಬೇಕೆಂದಾಗ ದೊಡ್ಡಮ್ಮ ಕೇಳಿದ್ದು ಎರಡೇ ಪ್ರಶ್ನೆ: ಅಲ್ಲಿ ಎಲ್ಲಿ ಮಲಗುತ್ತಾನೆ, ಏನು ಉಣ್ಣುತ್ತಾನೆ? ಮಾಸ್ಟ್ರ ಹತ್ತಿರ ಉತ್ತರ ಇರಲಿಲ್ಲ. ಅವರದ್ದೂ ತಪ್ಪಲ್ಲ, ಅವರ ಸಂಬಳವೇ ಅಷ್ಟು. ಅಣ್ಣ ಹೋಗಲಿಲ್ಲ. ಮುಂದಿನ ಮಳೆಗಾಲಕ್ಕೆ ಮೊದಲೇ ಮಾವನೊಬ್ಬ ಬಂದು ಮುಂಬಯಿಗೆ ಕರೆದುಕೊಂಡು ಹೋದ. ಕೊಂಕಣ ರೈಲ್ವೆ ಕನಸಿನಲ್ಲೂ ಇಲ್ಲದ ಕಾಲ ಅದು. ಹಗಲು ಫೋರ್ಟಿನ ಹೊಟೇಲಿನಲ್ಲಿ ಕಪ್ಪು ಬಸಿ ತೊಳೆಯುವುದು, ಸಂಜೆ ಕನ್ನಡ ರಾತ್ರಿಶಾಲೆ, ರಾತ್ರಿ ಟೇಬಲ್ ಜೋಡಿಸಿ ಅದರ ಮೇಲೆ ನಿದ್ದೆ. ಎರಡು ವರ್ಷದ ನಂತರ ನಾನೂ ಅದೇ ದಾರಿ ಹಿಡಿದೆ. ನಾನು ಓಟಗಾರನಲ್ಲ, ಆದ್ದರಿಂದ ನನಗೆ ಅಷ್ಟು ನಷ್ಟವಾಗಲಿಲ್ಲ.

ನಾವು ಇಲ್ಲಿ ತೊಳೆಯುವುದರಿಂದ ಸಪ್ಲಯರ್, ಸಪ್ಲಯರಿನಿಂದ ಗಲ್ಲೆ ಎಂದು ಮೆಟ್ಟಿಲು ಹತ್ತುತ್ತಿದ್ದ ವರ್ಷಗಳಲ್ಲಿ ಮಿಜಾರಿನ ಡಾ. ಮೋಹನ ಆಳ್ವರು ಆಯುರ್ವೇದ ಓದಿ ಮೂಡುಬಿದಿರೆಯಲ್ಲಿ ವೈದ್ಯರಾದರು. ಊರಿಂದ ಬರುವ ಕಾಗದಗಳಲ್ಲಿ ಮೊದಮೊದಲು ಅವರ ಹೆಸರು ಕಾಣಿಸುತ್ತಿದ್ದುದು ಮದ್ದಿನ ಲೆಕ್ಕದಲ್ಲೇ. ಆಮೇಲೆ ಬೇರೆ ಸುದ್ದಿ ಬರತೊಡಗಿತು. ಡಾಕ್ಟ್ರು ಏಕಲವ್ಯ ಎಂಬ ಸ್ಪೋರ್ಟ್ಸ್ ಕ್ಲಬ್ ಕಟ್ಟಿದ್ದಾರಂತೆ, ಓಡುವ, ಎಸೆಯುವ, ಹಾರುವ ಬಡ ಮಕ್ಕಳನ್ನು ಹುಡುಕಿ ತಂದು ಇಟ್ಟುಕೊಳ್ಳುತ್ತಾರಂತೆ. ಇಟ್ಟುಕೊಳ್ಳುವುದು ಅಂದರೆ ಎಂತ ಅಂತ ನಮಗೆ ಅರ್ಥವಾಗಿರಲಿಲ್ಲ. ಡಾಕ್ಟ್ರಿಗೆ ಮರುಳು ಎಂದು ಊರಿನ ಕೆಲವರು ಬರೆದಿದ್ದರು.

ಆಳ್ವಾಸ್ ಶಿಕ್ಷಣ ಪ್ರತಿಷ್ಠಾನ ಶುರುವಾದದ್ದು 1995ರಲ್ಲಿ. ಕಾಲೇಜು ಕಟ್ಟಿ ಆಮೇಲೆ ಆಟದ ಕಡೆ ನೋಡುವವರೇ ಹೆಚ್ಚು, ಕಾಂಪೌಂಡಿಗೆ ಸುಣ್ಣ ಹೊಡೆದ ಹಾಗೆ ಕೊನೆಗೆ. ಇಲ್ಲಿ ಆಟ ಮೊದಲು ಬಂತು, ಕಾಲೇಜು ಅದರ ಹಿಂದೆ ಬಂತು. ಕ್ರೀಡಾಪಟುಗಳಿಗೆ ಫೀಸಿಲ್ಲ, ಹಾಸ್ಟೆಲಿಗೆ ದುಡ್ಡಿಲ್ಲ, ಊಟಕ್ಕೂ ಇಲ್ಲ. ಅದನ್ನು ಅಲ್ಲಿ ದತ್ತು ಯೋಜನೆ ಎನ್ನುತ್ತಾರೆ. ದೊಡ್ಡಮ್ಮ ಕೇಳಿದ್ದ ಎರಡು ಪ್ರಶ್ನೆಗೆ, ಎಲ್ಲಿ ಮಲಗುತ್ತಾನೆ, ಏನು ಉಣ್ಣುತ್ತಾನೆ ಎಂಬುದಕ್ಕೆ, ಊರಿನಲ್ಲಿ ಉತ್ತರ ಹುಟ್ಟಿತ್ತು. ಅಣ್ಣನಿಗೆ ಮಾತ್ರ ತಡವಾಗಿತ್ತು.

2019ರ ಕೊನೆಯಲ್ಲಿ ಪೇಪರಿನಲ್ಲಿ ಬಂತು: 80ನೆಯ ಅಖಿಲ ಭಾರತ ಅಂತರ್ ವಿಶ್ವವಿದ್ಯಾಲಯ ಅಥ್ಲೆಟಿಕ್ ಕೂಟ, ಮೂಡುಬಿದಿರೆಯ ಸ್ವರಾಜ್ಯ ಮೈದಾನದಲ್ಲಿ, 2020ರ ಜನವರಿ 2ರಿಂದ 6. ನಡೆಸುವುದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, ಆಳ್ವಾಸ್ ಜೊತೆಗೆ. ಡಾಕ್ಟರು, ನರ್ಸುಗಳನ್ನು ತಯಾರು ಮಾಡುವ ವಿಶ್ವವಿದ್ಯಾಲಯಕ್ಕೆ ಓಟದ ಕೂಟ ಎಂತಕ್ಕೆ ಅಂತ ನಾನು ಕೇಳಿದೆ. "ಓಡಿದವ ಬಿದ್ದರೆ ಎತ್ತಲಿಕ್ಕೆ ಜನ ಬೇಡವಾ?" ಎಂದ ಅಣ್ಣ. ಮರುದಿನವೇ ಬಂದು ಹೇಳಿದ: "ಹೋಗುವ." ಅವನಾಗಿ ಊರಿಗೆ ಹೋಗುವ ಎಂದದ್ದು ಅಪರೂಪ. ಮದುವೆ, ಸಾವಿನ ಬೊಜ್ಜ, ದೈವದ ನೇಮ, ಇಷ್ಟಕ್ಕಲ್ಲದೆ ಗಲ್ಲೆ ಬಿಟ್ಟು ಏಳುವವನಲ್ಲ.

ಮತ್ಸ್ಯಗಂಧ ರೈಲಿಗೆ ಪನ್ವೇಲಿನಲ್ಲಿ ಹತ್ತಿ ಬೆಳಗಿನ ಜಾವ ಮುಲ್ಕಿಯಲ್ಲಿ ಇಳಿದೆವು. ಕಿನ್ನಿಗೋಳಿ ಮೇಲೆ ಹೋಗುವ ಬಸ್ಸಿನಲ್ಲಿ ಮೂಡುಬಿದಿರೆ ಮುಟ್ಟುವಾಗ ಮಂಜು ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ನಮ್ಮ ಮೂಡುಬಿದಿರೆ ಎಂದರೆ ಸಾವಿರ ಕಂಬದ ಬಸದಿ, 1430ರಲ್ಲಿ ಕಟ್ಟಿದ್ದು, ರತ್ನಾಕರವರ್ಣಿಯ ಊರು, ಮಧ್ಯಾಹ್ನ ಊಟವಾದ ಮೇಲೆ ಪೇಟೆಯೇ ನಿದ್ದೆ ಹೋಗುವಂಥ ಜಾಗ. ಆ ಬೆಳಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಟ್ರ್ಯಾಕ್ ಸೂಟು ಹಾಕಿದ ಪಂಜಾಬಿ ಹುಡುಗರು ಗೋಳಿಬಜೆ ತಿನ್ನುತ್ತಾ ಅದು ಸಿಹಿಯೋ ಖಾರವೋ ಎಂದು ಚರ್ಚೆ ಮಾಡುತ್ತಿದ್ದರು. ಮಣಿಪುರವೋ ಮಿಜೋರಾಮೋ, ಆ ಕಡೆಯ ಹುಡುಗಿಯರು ಬಸದಿಯ ದಾರಿ ಕೇಳುತ್ತಿದ್ದರು. ಹೂವಿನ ಅಂಗಡಿಯವಳು ಅವರಿಗೆ ತುಳುವಿನಲ್ಲೇ ದಾರಿ ಹೇಳಿದಳು, ಅವರಿಗೆ ಗೊತ್ತೂ ಆಯಿತು.

ಸ್ವರಾಜ್ಯ ಮೈದಾನದ ಬಾಗಿಲಲ್ಲಿ ಅಣ್ಣ ನಿಂತುಬಿಟ್ಟ. ಅವನ ನೆನಪಿನಲ್ಲಿದ್ದದ್ದು ಮಣ್ಣಿನ ಮೈದಾನ. ಈಗ ಅಲ್ಲಿ ಸಿಂಥೆಟಿಕ್ ಟ್ರ್ಯಾಕ್, ಬಿಳಿ ಗೆರೆಗಳು, ಸುತ್ತ ಗ್ಯಾಲರಿ. ಬೇಲಿಯ ಹೊರಗಿಂದಲೇ ಬಗ್ಗಿ ಟ್ರ್ಯಾಕನ್ನು ಬೆರಳಿನಿಂದ ಒತ್ತಿ ನೋಡಿದ. ಇದರ ಮೇಲೆ ಬಿದ್ದರೆ ಮೊಣಕಾಲು ಒಡೆಯುವುದಿಲ್ಲ ಎಂದ. ನಾನು ಮೊಣಕಾಲಲ್ಲ, ಚರ್ಮ ಹೋಗುತ್ತದೆ ಎಂದೆ. ಬಿದ್ದವರು ನಾವಿಬ್ಬರೂ ಅಲ್ಲವಾದ್ದರಿಂದ ಆ ವಾದ ಅಲ್ಲಿಗೆ ನಿಂತಿತು.

ಅಥ್ಲೆಟಿಕ್ ಕೂಟವನ್ನು ಟಿವಿಯಲ್ಲಿ ಮಾತ್ರ ಕಂಡವರಿಗೆ ಅದರ ಗಡಿಬಿಡಿ ಗೊತ್ತಾಗುವುದಿಲ್ಲ. ಒಂದೇ ಹೊತ್ತಿಗೆ ಒಂದು ಮೂಲೆಯಲ್ಲಿ ಗುಂಡೆಸೆತ, ಇನ್ನೊಂದು ಕಡೆ ಉದ್ದಜಿಗಿತ, ಟ್ರ್ಯಾಕಿನ ಮೇಲೆ ಹೀಟ್ಸು. ದೂರದ ಓಟಗಳು ಬಿಸಿಲೇರುವ ಮೊದಲೇ ಮುಗಿಯಬೇಕು. ನಮ್ಮ ಕರಾವಳಿಯ ಸೆಕೆಯಲ್ಲಿ 10,000 ಮೀಟರ್ ಎಂದರೆ 25 ಸುತ್ತು, ಅದು ತಮಾಷೆಯಲ್ಲ. ನಾವು ನೋಡಿದ ಒಂದು ಓಟದಲ್ಲಿ ಮಂಗಳೂರು ವಿಶ್ವವಿದ್ಯಾಲಯ ಎಂದು ಬರೆದ ಅಂಗಿಯ ಹುಡುಗ ಮುಂದಿದ್ದ. ಗ್ಯಾಲರಿಯ ಮಕ್ಕಳು ಬೊಬ್ಬೆ ಹೊಡೆದು ಗಂಟಲು ಹರಿದುಕೊಂಡರು. ಓಟ ಮುಗಿದು ಆತ ನಮ್ಮ ಹತ್ತಿರವೇ ನೀರು ಕುಡಿಯಲು ಬಂದಾಗ ಅಣ್ಣ ತುಳುವಿನಲ್ಲಿ "ಒಳ್ಳೆ ಓಡಿದೆ" ಎಂದ. ಹುಡುಗ ಕಣ್ಣು ಬಿಟ್ಟ. ಕನ್ನಡದಲ್ಲಿ ಹೇಳಿದ. ಆಗಲೂ ಇಲ್ಲ. ಹುಡುಗ ಹಿಂದಿಯಲ್ಲಿ, ಅಂಕಲ್, ನಾನು ಉತ್ತರ ಪ್ರದೇಶದವನು ಎಂದ.

ನಮ್ಮ ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬರು, ಊರಿನವರೇ, ಕೂಡಲೇ ಶುರುಮಾಡಿದರು. ಎಲ್ಲ ಹೊರಗಿನವರೇ, ಹರಿಯಾಣ, ಯು.ಪಿ., ತಮಿಳುನಾಡು, ನಮ್ಮ ಮಕ್ಕಳೆಲ್ಲಿ? ತಂದು ಓಡಿಸಿ ಪದಕ ಎಣಿಸಿದರೆ ಅದು ನಮ್ಮದಾಗುತ್ತದಾ? ಈ ಮಾತು ಹೊಸತಲ್ಲ. ಮೂಡುಬಿದಿರೆಯಲ್ಲಿ ಎಷ್ಟೋ ಚಾದಂಗಡಿಗಳಲ್ಲಿ ಕೇಳಿದ್ದೇನೆ, ಅದರಲ್ಲಿ ಸತ್ಯವಿಲ್ಲ ಎಂದೂ ಹೇಳಲಾರೆ. ಪದಕದ ಪಟ್ಟಿ ಕಾಲೇಜಿಗೆ ಜಾಹೀರಾತು ಕೂಡ ಹೌದು, ಕಣ್ಣು ಮುಚ್ಚಿಕೊಳ್ಳುವುದೇಕೆ. ಫೀಸು ಕೊಡುವ ಮಕ್ಕಳು ಬಹಳ ಇರುವುದರಿಂದಲೇ ಫೀಸು ಕೊಡದವರಿಗೂ ಎಲೆ ಬೀಳುತ್ತದೆ. ಹೊಟೇಲು ನಡೆಸಿದ ನಮಗೆ ಆ ವ್ಯವಹಾರ ಹೊಸತೂ ಅಲ್ಲ, ಹೇಸಿಗೆಯೂ ಅಲ್ಲ.

ಅಣ್ಣ ತಿರುಗಿ ಕೂತ. "ನಾನು ಮುಂಬಯಿಗೆ ಹೋದಾಗ ಗಲ್ಲೆಯಲ್ಲಿ ಕೂತಿದ್ದವರು ಮೊದಲು ಕೇಳಿದ್ದು ಯಾವ ಊರು, ಯಾರ ಮಗ ಅಂತ. ನಮ್ಮವ ಅಂತ ಗೊತ್ತಾದ ಮೇಲೆಯೇ ಊಟ ಹಾಕಿದ್ದು. ಅದು ಉಪಕಾರವೇ, ಇಲ್ಲ ಅನ್ನುವುದಿಲ್ಲ. ಇಲ್ಲಿ ಡಾಕ್ಟ್ರು ಯಾವ ಊರು ಅಂತ ಕೇಳದೆ ಹಾಕಿದ್ದಾರೆ." ಹಿಂದಿನವರು, ಅದು ಸರಿ, ಆದರೂ... ಎಂದು ಎಳೆದರು. ಅಷ್ಟರಲ್ಲಿ ಹರ್ಡಲ್ಸಿನ ಹೀಟ್ಸ್ ಶುರುವಾಯಿತು.

ಹರ್ಡಲ್ಸ್ ಎಂದಾಗ ಹೇಳಬೇಕು. ತಮಿಳುನಾಡಿನ ತಿರುಪ್ಪೂರು ಕಡೆಯ ಧರುಣ್ ಅಯ್ಯಸಾಮಿ ಓದಿದ್ದು ಇದೇ ಆಳ್ವಾಸಿನಲ್ಲಿ. 2018ರ ಜಕಾರ್ತಾ ಏಷ್ಯನ್ ಗೇಮ್ಸಿನಲ್ಲಿ 400 ಮೀಟರ್ ಹರ್ಡಲ್ಸನ್ನು 48.96 ಸೆಕೆಂಡಿನಲ್ಲಿ ಓಡಿ ಬೆಳ್ಳಿ ಗೆದ್ದರು, ಆಗ ಅದು ರಾಷ್ಟ್ರೀಯ ದಾಖಲೆ. ಅವರು ಹೊರಗಿನವರೋ ಒಳಗಿನವರೋ ಎಂದು ಆ ದಿನ ಮೂಡುಬಿದಿರೆಯಲ್ಲಿ ಯಾರೂ ಕೇಳಿದ ಹಾಗಿಲ್ಲ.

ಮಧ್ಯಾಹ್ನದ ಮೇಲೆ ಅಣ್ಣ ಕಾಣೆಯಾದ. ಶೌಚಕ್ಕೆ ಹೋದವನು ಬರಲೇ ಇಲ್ಲ. ಗ್ಯಾಲರಿಯಲ್ಲೆಲ್ಲ ಹುಡುಕಿದೆ, ಪಾರ್ಕಿಂಗಿನಲ್ಲಿ ನೋಡಿದೆ. ಕೊನೆಗೆ ಸಿಕ್ಕಿದ್ದು ಅಡುಗೆಯ ಚಪ್ಪರದ ಹತ್ತಿರ. ಮುಖ್ಯ ಅಡುಗೆಯವನ ಪಕ್ಕ ಸ್ಟೂಲು ಹಾಕಿಕೊಂಡು ಕೂತು ಅಕ್ಕಿಯ ಲೆಕ್ಕ ಮಾತಾಡುತ್ತಿದ್ದ! ಅಷ್ಟು ದೂರದಿಂದ ಓಟ ನೋಡಲು ಬಂದವನು.

ಆದರೆ ನಾನೂ ಅಲ್ಲೇ ಕೂತೆ. ಸೆಕೆಂಡಿನ ನೂರನೆಯ ಭಾಗ ನಮಗೇನು ಅರ್ಥವಾಗುತ್ತದೆ? ಅಡುಗೆಮನೆ ಅರ್ಥವಾಗುತ್ತದೆ. ದೇಶದ ಮೂಲೆಮೂಲೆಯ ವಿಶ್ವವಿದ್ಯಾಲಯಗಳಿಂದ ಬಂದ ಸಾವಿರಾರು ಮಕ್ಕಳು, ಒಬ್ಬೊಬ್ಬರ ಹೊಟ್ಟೆ ಒಂದೊಂದು ರೀತಿ. ಉತ್ತರದವರಿಗೆ ಬಿಸಿ ರೊಟ್ಟಿ ಆಗಬೇಕು. ನಮ್ಮ ಕುಚ್ಚಿಲಕ್ಕಿ ಅನ್ನ ಕಂಡು ಅವರು ಇದು ಇನ್ನೂ ಬೆಂದಿಲ್ಲವೋ ಹೆಚ್ಚು ಬೆಂದಿದೆಯೋ ಎಂದು ಅನುಮಾನಿಸುತ್ತಾರೆ. ಬೆಳಿಗ್ಗೆ ಓಟ ಇದ್ದವರು ಬಾಳೆಹಣ್ಣು ಮಾತ್ರ ಕೇಳುತ್ತಾರೆ, ಓಟ ಮುಗಿದವರು ಊಟದ ಹೊತ್ತಲ್ಲದ ಹೊತ್ತಿಗೆ ತಟ್ಟೆ ಹಿಡಿದು ನಿಲ್ಲುತ್ತಾರೆ. ಗುಂಡೆಸೆಯುವವರನ್ನಂತೂ ಕೇಳಬೇಡಿ. ಮುಖ್ಯ ಅಡುಗೆಯವ ಒಂದು ದಿನದ ಅಕ್ಕಿಯ ತೂಕ ಹೇಳಿದಾಗ ನಾನು ನಕ್ಕೆ. ಅಣ್ಣ ನಗಲಿಲ್ಲ, ಹಂಡೆಗಳನ್ನು ಎಣಿಸಿ, ಹೌದು ಸರಿ ಎಂದ.

ಮೂಡುಬಿದಿರೆಗೆ ಇದು ಮೊದಲ ದೊಡ್ಡ ಊಟವಲ್ಲ. 2003ರಲ್ಲಿ 71ನೆಯ ಕನ್ನಡ ಸಾಹಿತ್ಯ ಸಮ್ಮೇಳನ ಕಮಲಾ ಹಂಪನಾ ಅವರ ಅಧ್ಯಕ್ಷತೆಯಲ್ಲಿ ಅಲ್ಲೇ ಆಗಿತ್ತು. ಅದರ ಮರುವರ್ಷದಿಂದ ಆಳ್ವಾಸ್ ನುಡಿಸಿರಿ ಎಂಬ ಸಾಹಿತ್ಯ ಸಮ್ಮೇಳನ. ವಿರಾಸತ್ ಎಂಬ ಸಾಂಸ್ಕೃತಿಕ ಉತ್ಸವ ಬೇರೆ. ಮುಂಬಯಿಯಿಂದ ನುಡಿಸಿರಿಗೆ ಹೋಗಿ ಬಂದವರು ಭಾಷಣಕ್ಕಿಂತ ಹೆಚ್ಚು ಊಟದ ಸಾಲಿನ ಶಿಸ್ತನ್ನು ವರ್ಣಿಸಿದ್ದೇ ಜಾಸ್ತಿ. ಆದರೆ ಸಮ್ಮೇಳನದ ಊಟ ಬೇರೆ, ಓಟಗಾರನ ಊಟ ಬೇರೆ. ಸಮ್ಮೇಳನಕ್ಕೆ ಬಂದವರು ಉಂಡು ಊರಿಗೆ ಹೋಗುತ್ತಾರೆ. ಹಾಸ್ಟೆಲಿನ ಓಟಗಾರ ಮರುದಿನ ಬೆಳಗ್ಗೆ ಮತ್ತೆ ತಟ್ಟೆ ಹಿಡಿದು ಬರುತ್ತಾನೆ.

ಅಲ್ಲೇ ಕೂತು ಅಣ್ಣ ಕೈಬೆರಳಲ್ಲಿ ಲೆಕ್ಕ ಹಾಕಿದ. ಡಿಗ್ರಿ ಮೂರು ವರ್ಷ. ಬೆಳಗ್ಗೆ, ಮಧ್ಯಾಹ್ನ, ರಾತ್ರಿ. ರಜೆ ಅಂತ ಸ್ವಲ್ಪ ಕಳೆದರೂ ಒಬ್ಬ ಹುಡುಗನಿಗೆ ಮೂರು ಸಾವಿರ ಊಟ. ಹಾಲು, ಮೊಟ್ಟೆ ಬೇರೆ. ಪದಕ ಬಂದರೆ ಒಂದು ಪದಕಕ್ಕೆ ಮೂರು ಸಾವಿರ ಊಟ. "ಬರದಿದ್ದರೆ?" ಎಂದೆ. ಅಣ್ಣ, "ಅದೇ ನಾನು ಹೇಳುವುದು" ಎಂದ.

ಅವನ ಮಾತು ನನಗೆ ಹೊಳೆದದ್ದು ಆಮೇಲೆ, ಹೀಟ್ಸ್ ನೋಡುವಾಗ. ಎಂಟು ಲೇನಿನಲ್ಲಿ ಎಂಟು ಮಕ್ಕಳು ಓಡುತ್ತಾರೆ. ಮುಂದಿನ ಸುತ್ತಿಗೆ ಹೋಗುವವರು ಒಬ್ಬಿಬ್ಬರು. ಐದನೆಯವನ ಹೆಸರು ಮೈಕಿನಲ್ಲಿ ಬರುವುದಿಲ್ಲ, ಪೇಪರಿನಲ್ಲಿ ಬರುವುದಿಲ್ಲ. ಅವನೂ ಯಾವುದೋ ಹಾಸ್ಟೆಲಿನಲ್ಲಿ ಮೂರು ಸಾವಿರ ಊಟ ಉಂಡವನೇ. ಗೆದ್ದವರಿಗೆ ಹಾರ ಹಾಕುವ ದೊಡ್ಡ ಮನುಷ್ಯರು ಎಲ್ಲ ಊರಿನಲ್ಲೂ ಸಿಗುತ್ತಾರೆ, ನೆರೂಳದಲ್ಲೂ ಇದ್ದಾರೆ, ನಮ್ಮ ಸಂಘಗಳಲ್ಲೂ ಇದ್ದಾರೆ; ನಾವೂ ಶಾಲು ಹೊದಿಸಿ ಫೋಟೊ ತೆಗೆಸಿಕೊಂಡವರೇ. ಐದನೆಯವನಿಗೆ ಬಡಿಸುವ ಕೆಲಸ ಬೇರೆ. ನಮ್ಮ ಕಡೆ ವೈದ್ಯರು ಅಂದರೆ ಪಥ್ಯ ಹೇಳುವವರು. ಬದನೆ ಬೇಡ, ಹುಳಿ ಬೇಡ, ಮೀನು ಬೇಡ, ಇಷ್ಟೇ ನಾವು ಚಿಕ್ಕಂದಿನಲ್ಲಿ ಕೇಳಿದ್ದು. ತಿನ್ನು ಎಂದು ಹೇಳಿ, ತಾನೇ ತಂದು ಇಡುವ ವೈದ್ಯರು ನಮ್ಮ ಕಾಲದಲ್ಲಿ ಇರಲಿಲ್ಲ.

ಕಾಲೇಜಿನ ಓಟದ ಬಗ್ಗೆ ತಲೆ ಕೆಡಿಸಿಕೊಂಡ ಡಾಕ್ಟರುಗಳು ಹೊರದೇಶದಲ್ಲೂ ಇದ್ದಾರೆ. ಮೈಲಿಯನ್ನು ನಾಲ್ಕು ನಿಮಿಷದೊಳಗೆ ಮೊದಲು ಓಡಿದ ರೋಜರ್ ಬ್ಯಾನಿಸ್ಟರ್ ಆಗ ವೈದ್ಯ ವಿದ್ಯಾರ್ಥಿ. 1954ರ ಮೇ 6, 3 ನಿಮಿಷ 59.4 ಸೆಕೆಂಡು, ಆಕ್ಸ್‌ಫರ್ಡಿನ ಇಫ್ಲಿ ರೋಡ್ ಟ್ರ್ಯಾಕಿನಲ್ಲಿ. ಆ ಟ್ರ್ಯಾಕು ಹೊಸದಾಗಿ ಆದದ್ದು ಅವರು ವಿಶ್ವವಿದ್ಯಾಲಯದ ಅಥ್ಲೆಟಿಕ್ ಕ್ಲಬ್ಬಿನ ಅಧ್ಯಕ್ಷರಾಗಿದ್ದಾಗ ಹಿಡಿದ ಹಟದಿಂದ. ಹಳೆಯದು ಏರುತಗ್ಗಿನದು, ಮೂರು ಸುತ್ತಿಗೆ ಒಂದು ಮೈಲಿ ಆಗುವಂಥದ್ದು. ಮುಂದೆ ದೊಡ್ಡ ನರರೋಗ ತಜ್ಞರಾದರು. ತಾನು ಓಡುವುದಕ್ಕೆ ಟ್ರ್ಯಾಕು ಕಟ್ಟಿಸುವುದು ಒಂದು ಬಗೆ. ಮೂಡುಬಿದಿರೆಯ ಡಾಕ್ಟ್ರು ದುಡಿದದ್ದು ಬೇರೆಯವರು ಓಡಲಿಕ್ಕೆ. ಯಾವುದು ಹೆಚ್ಚು ಯಾವುದು ಕಡಿಮೆ ಎಂದು ನಾನು ತೂಗಲು ಹೋಗುವುದಿಲ್ಲ.

ಆಳ್ವರನ್ನು ನಾವು ಆ ಕೂಟದಲ್ಲಿ ದೂರದಿಂದ ಕಂಡದ್ದು ಅಷ್ಟೇ. ಹೋಗಿ ಮಾತಾಡಿಸು, ನಮ್ಮ ಊರಿನವರಲ್ಲವಾ ಎಂದು ನಾನು ಅಣ್ಣನನ್ನು ದೂಡಿದೆ. ಮದುವೆ ಮನೆಯ ಯಜಮಾನನನ್ನು ಊಟದ ಹೊತ್ತಿನಲ್ಲಿ ಮಾತಾಡಿಸಬಾರದು ಎಂದು ಅವನು ಏಳಲಿಲ್ಲ.

ಈ ಕೂಟ ಮುಗಿದು ತಿಂಗಳಾಗುವುದರೊಳಗೆ ಮೂಡುಬಿದಿರೆ ಕಡೆಯ ಇನ್ನೊಬ್ಬ ಓಟಗಾರನ ಹೆಸರು ಲೋಕವೆಲ್ಲ ಹಬ್ಬಿತು. ಫೆಬ್ರವರಿ 1ರಂದು ಐಕಳದ ಕಂಬಳದಲ್ಲಿ ಅಶ್ವತ್ಥಪುರದ ಶ್ರೀನಿವಾಸ ಗೌಡರು ಕೋಣಗಳ ಹಿಂದೆ 142.5 ಮೀಟರ್ ಕೆಸರುಗದ್ದೆಯನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಅದನ್ನು 100 ಮೀಟರಿಗೆ ಇಳಿಸಿ 9.55 ಎಂದರು. ಬೋಲ್ಟನ 9.58ಕ್ಕಿಂತ ಕಡಿಮೆ! ಇಲ್ಲಿ ನೆರೂಳದಲ್ಲಿ ನಮ್ಮ ಗಲ್ಲೆಗೆ ಬಂದ ಗುಜರಾತಿ ಗಿರಾಕಿ ಕೂಡ ಫೋನಿನಲ್ಲಿ ತೋರಿಸಿ, ಯೇ ಆಪ್ ಕೇ ಗಾಂವ್ ಕಾ ಹೈ ಕ್ಯಾ ಎಂದು ಕೇಳಿದ. ಕೇಂದ್ರದ ಕ್ರೀಡಾ ಸಚಿವರು ಟ್ರಯಲ್ಸಿಗೆ ಕರೆದರು. ಗೌಡರು ಹೋಗಲಿಲ್ಲ. ಕಂಬಳದಲ್ಲಿ ಹಿಮ್ಮಡಿಯ ಕೆಲಸ, ಟ್ರ್ಯಾಕಿನಲ್ಲಿ ಮುಂಗಾಲಿನ ಕೆಲಸ, ಎರಡೂ ಬೇರೆ ಎಂದು ಅವರೇ ಬಿಡಿಸಿ ಹೇಳಿದರು. ಅಷ್ಟು ಜನ ಪಂಡಿತರು ಟಿವಿಯಲ್ಲಿ ಮಾತಾಡಿದ್ದರಲ್ಲಿ ಆ ಮಾತೇ ತೂಕದ್ದು. ಕೋಣ ಎಳೆಯುವ ಓಟವನ್ನು ಬೋಲ್ಟನ ಓಟಕ್ಕೆ ಅಳೆಯುವುದು ತೀರಾ ಬಾಲಿಶ. ಆದರೂ ಆ ವಾರವೆಲ್ಲ ಅಣ್ಣ ಮಾತು ಕಡಿಮೆ ಮಾಡಿದ್ದ. ಗೌಡರು ಕಟ್ಟಡದ ಕೆಲಸ ಮಾಡುತ್ತಿದ್ದರು ಎಂದು ಪೇಪರಿನಲ್ಲಿ ಓದಿ, ಹದಿನಾರರಲ್ಲಿ ಯಾರ ಕಣ್ಣಿಗೆ ಬೀಳುತ್ತಾನೆ ಎನ್ನುವುದೇ ಎಲ್ಲ ಎಂದ. ಅವನು ಗೌಡರ ಬಗ್ಗೆ ಮಾತ್ರ ಹೇಳಿದನೆಂದು ನನಗೆ ಅನ್ನಿಸಲಿಲ್ಲ.

ಅದರ ಮರುತಿಂಗಳು ಕೊರೋನಾ. ಮೈದಾನ, ಹಾಸ್ಟೆಲು, ನಮ್ಮ ಹೊಟೇಲು ಎಲ್ಲಕ್ಕೂ ಬೀಗ. 2022ರ ಜನವರಿಯಲ್ಲಿ ಪುರುಷರ ಕೂಟ ಮತ್ತೆ ಮೂಡುಬಿದಿರೆಗೇ ಬಂದಾಗ ಅಣ್ಣನಿಗೆ ಮೊಣಕಾಲು ನೋವು, ಹೋಗಲಾಗಲಿಲ್ಲ.

2020ರ ಕೂಟದ ಬಹುಮಾನ ಹಂಚುವವರೆಗೆ ನಾವು ನಿಲ್ಲಲಿಲ್ಲ. ಸಮಗ್ರ ಪ್ರಶಸ್ತಿ ಮಂಗಳೂರು ವಿಶ್ವವಿದ್ಯಾಲಯಕ್ಕೆ ಎಂದು ಊರಿಂದ ಫೋನು ಬಂದದ್ದು ನೆರೂಳಕ್ಕೆ ವಾಪಸಾದ ಮೇಲೆ. ಮರಳುವಾಗ ಮತ್ಸ್ಯಗಂಧದಲ್ಲಿ ನಮ್ಮದೇ ಬೋಗಿಯಲ್ಲಿ ಮುಂಬಯಿ ಕಡೆಯ ಆರೆಂಟು ಮಕ್ಕಳಿದ್ದರು. ಅವರ ಸ್ಪರ್ಧೆಗಳು ಮುಗಿದಿದ್ದವು, ಯಾರಿಗೂ ಏನೂ ಬಂದಿರಲಿಲ್ಲ. ಜಾವೆಲಿನ್‌ಗಳನ್ನು ಬಟ್ಟೆ ಸುತ್ತಿ ಸೀಟಿನ ಕೆಳಗೆ ಉದ್ದಕ್ಕೆ ಮಲಗಿಸಿದ್ದರು. ನಡೆದು ಹೋಗುವವರೆಲ್ಲ ಅದಕ್ಕೆ ಎಡವುತ್ತಿದ್ದರು. ಒಬ್ಬ ಹುಡುಗ ಅಣ್ಣನನ್ನು ಕೇಳಿದ, ಅಂಕಲ್, ನೀವೂ ಓಡುತ್ತಿದ್ದಿರಾ?

"ಓಡುತ್ತಿದ್ದೆ."

"ನಿಮ್ಮ ಟೈಮಿಂಗ್ ಎಷ್ಟು?"

"ಮಧ್ಯಾಹ್ನ ಹನ್ನೆರಡರಿಂದ ಮೂರು, ಸಂಜೆ ಏಳರಿಂದ ಹನ್ನೊಂದು" ಎಂದ ಅಣ್ಣ. ಹುಡುಗರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಕಡಬು, ಚಟ್ನಿ, ಅತ್ತಿಗೆಯ ತಂಗಿ ಕಟ್ಟಿಕೊಟ್ಟಿದ್ದ ಕೋಳಿಸುಕ್ಕ ಎಲ್ಲ ಹೊರಗೆ ಬಂತು. ಎಂಟು ಜನರಿಗೆ ಅದು ಎಲ್ಲಿ ಸಾಲುತ್ತದೆ! ರತ್ನಾಗಿರಿಯಲ್ಲಿ ಇಳಿದು ಆಮ್ಲೆಟ್ ಪಾವು ತಂದು ಹಂಚಿದ. ಗೆದ್ದವರಿಗಿಂತ ಇವರು ಜಾಸ್ತಿ ತಿನ್ನುತ್ತಾರೆ ಎಂದು ನನಗೆ ತುಳುವಿನಲ್ಲಿ ಹೇಳಿದ. ಅವನ ಮುಖ ಅಷ್ಟು ಗೆಲುವಾಗಿದ್ದದ್ದು ನಾನು ಕಂಡದ್ದು ಕಡಿಮೆ.

ಪನ್ವೇಲಿನಲ್ಲಿ ಇನ್ನೂ ಕತ್ತಲೆ. ನಾವು ಇಳಿದೆವು, ಅವರಲ್ಲಿ ನಾಲ್ಕು ಮಂದಿ ಜಾವೆಲಿನ್ ಕಟ್ಟು ಹಿಡಿದು ಇಳಿದರು, ಹಾರ್ಬರ್ ಲೈನಿನ ಲೋಕಲ್ ಹಿಡಿಯಬೇಕಿತ್ತು. ಕಟ್ಟನ್ನು ಲೋಕಲಿನ ಬಾಗಿಲಲ್ಲಿ ನುಗ್ಗಿಸುವುದು ಹೇಗೆಂದು ಅವರು ಯೋಚಿಸುತ್ತಾ ನಿಂತಿದ್ದಾಗ ಅಣ್ಣ ಮುಂದೆ ನಡೆದ. ಹೊಟೇಲಿಗೆ ವಾಶಿಯ ಎಪಿಎಂಸಿಯಿಂದ ತರಕಾರಿ ಮೂಟೆ ತಂದು ತಂದು ಅವನಿಗೆ ಲಗೇಜ್ ಡಬ್ಬಿ ಪ್ಲಾಟ್‌ಫಾರ್ಮಿನ ಯಾವ ಕಂಬದ ಎದುರು ನಿಲ್ಲುತ್ತದೆಂದು ಕಣ್ಣು ಮುಚ್ಚಿಯೂ ಗೊತ್ತು. ಮೀನಿನ ಬುಟ್ಟಿಯ ಬೆಸ್ತ ಹೆಂಗಸರ ನಡುವೆ ಜಾವೆಲಿನ್ ಕಟ್ಟನ್ನು ನಿಲ್ಲಿಸಿ, ಮುಂದಿನ ತುದಿ ಯಾರಿಗೂ ತಾಗದ ಹಾಗೆ ತನ್ನ ಟವೆಲು ಸುತ್ತಿದ. ಖಾಂದೇಶ್ವರ, ಖಾರ್ಘರ್, ಬೇಲಾಪುರ ದಾಟಿ ನೆರೂಳ ಬಂತು. ನಾನು ಇಳಿದೆ. ಅಣ್ಣ ಇಳಿಯಲಿಲ್ಲ. ಮಕ್ಕಳು ಕುರ್ಲಾದಲ್ಲಿ ಗಾಡಿ ಬದಲಿಸಬೇಕು, ಆ ಮೆಟ್ಟಿಲಲ್ಲಿ ಇದನ್ನು ಹತ್ತಿಸುವುದು ಅವರಿಂದಾಗದು, ನಾನು ಅಲ್ಲಿವರೆಗೆ ಹೋಗಿ ಬರುತ್ತೇನೆ, ನೀನು ಹೋಗಿ ಹೊಟೇಲಿನ ಶಟರು ತೆಗೆ ಎಂದ.